1.6 ಕಿ.ಮೀ. ಓಟ 6:20ರಿಂದ 5:30ಕ್ಕೆ ಇಳಿಸೋದು ಹೇಗೆ? ಯುದ್ಧದ ಮಾತಿನ ನಡುವೆ ಅಗ್ನಿವೀರ್‌ಗೆ ಹೋಗಬಹುದಾ?

ಮುಳಬಾಗಿಲು ಹತ್ತಿರದ ಹಳ್ಳಿ, ವಯಸ್ಸು 18, ಓಟ 6 ನಿಮಿಷ 20 ಸೆಕೆಂಡ್, ಬೀಮ್ (ಅಡ್ಡ ಕಂಬಿ ಹಿಡಿದು ಗದ್ದ ಮೇಲೆ ಬರೋವರೆಗೆ ಮೈ ಎಳೆಯೋದು) ನಾಲ್ಕೇ, ಟೀವಿ ನೋಡಿ ಅಪ್ಪ ಬೇಡ ಅಂತಾರೆ. ಇಷ್ಟು ನಿಮ್ಮ ಪ್ರಶ್ನೆ. ಅಗ್ನಿವೀರ್ ಅಂದರೆ ಸೇನೆಯಲ್ಲಿ ನಾಲ್ಕು ವರ್ಷದ ಕೆಲಸ. ಮೊದಲು ಓಟ ನೋಡೋಣ. ಅದೇ ಪಾಸಾಗದಿದ್ದರೆ ಅಪ್ಪನ ಜೊತೆ ಜಗಳ ಆಡೋಕೆ ಕಾರಣವೇ ಇರಲ್ಲ.

5:30ರ ಒಳಗೆ ಬಂದರೆ 60 ಅಂಕ, 5:31ರಿಂದ 5:45ರವರೆಗೆ 48. ಒಂದೇ ಸೆಕೆಂಡಿಗೆ 12 ಅಂಕ ಹೋಗುತ್ತೆ. 400 ಮೀಟರ್ ಟ್ರ್ಯಾಕಲ್ಲಿ ನಾಲ್ಕು ಸುತ್ತು, ಅಂದರೆ ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡ್. ನೀವೀಗ 95ರಲ್ಲಿದ್ದೀರಿ. ದಿನಾ ಬೆಳಿಗ್ಗೆ 1.6 ಕಿ.ಮೀ. ಉಸಿರು ಬಿಗಿಹಿಡಿದು ಓಡಿ ಟೈಮ್ ನೋಡೋದೇ ಅಭ್ಯಾಸ ಅಂದುಕೊಳ್ಳಬೇಡಿ. ಎರಡು ವಾರ ಟೈಮ್ ಇಳಿಯುತ್ತೆ, ಆಮೇಲೆ ಅಲ್ಲೇ ನಿಲ್ಲುತ್ತೆ, ಮೊಣಕಾಲ ಕೆಳಗೆ ಮುಂದಿನ ಮೂಳೆ ನೋಯೋಕೆ ಶುರುವಾಗುತ್ತೆ.

ಹನ್ನೆರಡು ವಾರ ಇಟ್ಟುಕೊಳ್ಳಿ. ಸೋಮವಾರ 400 ಮೀಟರ್ ಆರು ಸಲ, ಒಂದೊಂದೂ 88 ಸೆಕೆಂಡಿಗೆ, ನಡುವೆ ಎರಡು ನಿಮಿಷ ನಡಿಗೆ. ಬುಧವಾರ ಮಾತಾಡಿಕೊಂಡು ಓಡುವಷ್ಟು ನಿಧಾನಕ್ಕೆ ಅರ್ಧ ಗಂಟೆ. ಶುಕ್ರವಾರ 800 ಮೀಟರ್ ಮೂರು ಸಲ, ಮೂರು ಮೂರು ನಿಮಿಷಕ್ಕೆ. ಭಾನುವಾರ 6-7 ಕಿ.ಮೀ. ನಿಧಾನವಾಗಿ. ಮೂರು ವಾರಕ್ಕೊಮ್ಮೆ ಸೋಮವಾರದ ಲೆಕ್ಕ ಎರಡೆರಡು ಸೆಕೆಂಡ್ ಇಳಿಸಿ: 86, 84, 82. ಪೂರ್ತಿ ಓಟದ ಟೈಮ್ ನೋಡೋದು ಮೂರು ವಾರಕ್ಕೆ ಒಂದೇ ಸಲ. ಸೋಮವಾರದ ಆರನೇ 400 ಮೀಟರ್ ಮೊದಲನೆಯದಕ್ಕಿಂತ ನಾಲ್ಕು ಸೆಕೆಂಡ್ ತಡವಾದರೆ, ಶುರುವಲ್ಲೇ ಜಾಸ್ತಿ ಜೋರು ಮಾಡಿದ್ದೀರಿ ಅಂತ ಅರ್ಥ.

ಟಾರ್ ರಸ್ತೆ ಬೇಡ. ಕೆರೆ ಏರಿ ಒಂದು ಕಡೆಗೆ ವಾಲಿದ್ದರೆ ಅದೂ ಬೇಡ, ಒಂದೇ ಕಾಲಿನ ಮೇಲೆ ಭಾರ ಬೀಳುತ್ತೆ. ಮುಂಚೆ ಕೆರೆಯಂಗಳ ಸಿಗ್ತಿತ್ತು, ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದ ಮೇಲೆ ಕೋಲಾರ ಕಡೆ ಎಷ್ಟೋ ಕೆರೆಯಲ್ಲಿ ಆ ಜಾಗವಿಲ್ಲ (ರೈತರಿಗೆ ಒಳ್ಳೆಯದೇ ಬಿಡಿ). ಶಾಲೆ ಮೈದಾನವೇ ಸಾಕು. ಆದರೆ ಟೇಪ್ ಹಿಡಿದು ಅಳೆಯಿರಿ, ಮೊಬೈಲ್ ಜಿಪಿಎಸ್ ಸಣ್ಣ ಸುತ್ತಿನಲ್ಲಿ ಮೋಸ ಮಾಡುತ್ತೆ.

ರ‍್ಯಾಲಿಯಲ್ಲಿ (ಸೇನೆಯ ನೇಮಕಾತಿ ನಡೆಯೋ ಕಡೆ) ಗುಂಪು ಗುಂಪಾಗಿ ಬಿಡ್ತಾರೆ. ಸೀಟಿ ಊದಿದ ಕೂಡಲೇ ಎಲ್ಲರೂ ನುಗ್ಗಿ ಮೊದಲ ಸುತ್ತು 72ಕ್ಕೆ ಮುಗಿಸ್ತಾರೆ, ಮೂರನೇ ಸುತ್ತಲ್ಲಿ ಕಾಲು ಕಲ್ಲಾಗುತ್ತೆ. ನಿಮ್ಮದು 80ಕ್ಕಿಂತ ಕಡಿಮೆ ಆಗದಿರಲಿ. ಇನ್ನೊಂದು ಲೆಕ್ಕ ಯಾರೂ ಮಾಡಲ್ಲ. ಲೇನ್ ಅಗಲ 1.22 ಮೀಟರ್; ಒಂದೊಂದು ಲೇನ್ ಹೊರಗೆ ಹೋದಂತೆ ಸುತ್ತಿಗೆ ಏಳೂವರೆ ಮೀಟರ್ ಜಾಸ್ತಿ. ಮೂರನೇ ಲೇನಲ್ಲೇ ನಾಲ್ಕೂ ಸುತ್ತು ಓಡಿದರೆ ಸುಮಾರು 60 ಮೀಟರ್ ದಂಡ, ಹನ್ನೆರಡು ಸೆಕೆಂಡ್ ಹೋಯ್ತು! ಮೊದಲ ತಿರುವು ಮುಗಿಯುತ್ತಲೇ ಒಳಗೆ ಸೇರಿ, ಯಾರನ್ನಾದರೂ ದಾಟಬೇಕಾದರೆ ನೇರ ದಾರಿಯಲ್ಲಿ ದಾಟಿ.

ಬೀಮ್ 10 ಹೊಡೆದರೆ 40 ಅಂಕ, 6ಕ್ಕೆ 16. ಮನೆ ಮುಂದೆ ಎರಡು ಕಲ್ಲುಕಂಬಕ್ಕೆ ಪೈಪ್ ಬಿಗಿದುಕೊಳ್ಳಿ. ಸ್ಟೂಲ್ ಹತ್ತಿ ಗದ್ದ ಮೇಲಿಟ್ಟು, ಐದು ಸೆಕೆಂಡ್ ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ. ಐದೈದರಂತೆ ನಾಲ್ಕು ಸಲ, ದಿನ ಬಿಟ್ಟು ದಿನ. ಒಂಬತ್ತು ಅಡಿ ಹಳ್ಳ ಹಾರೋದು, ಜಿಗ್‌ಜಾಗ್ ಬ್ಯಾಲೆನ್ಸ್ (ಅಂಕುಡೊಂಕು ಕಿರಿದಾದ ತೊಲೆ ಮೇಲೆ ನಡೆಯೋದು) ಎರಡೂ ಪಾಸಾದರೆ ಸಾಕು. ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು ಧಾರಾಳ, ಮುದ್ದೆ ತಿಂದು ಎರಡೂವರೆ ಗಂಟೆಯೊಳಗೆ ಮಾತ್ರ ಓಡಬೇಡಿ.

ಇನ್ನು ಅಪ್ಪನ ಮಾತು. 2025ರ ಮೇ 7ಕ್ಕೆ ಪಾಕಿಸ್ತಾನದ ವಿರುದ್ಧ ಆಪರೇಷನ್ ಸಿಂಧೂರ ಶುರುವಾಯ್ತು, 10ನೇ ತಾರೀಖು ಗುಂಡು ನಿಂತಿತು. 9ಕ್ಕೆ ನಿಲ್ಲಿಸಿದ ಐಪಿಎಲ್ 17ಕ್ಕೆ ಮತ್ತೆ ಶುರು. ನೀವು ಪರೀಕ್ಷೆ, ರ‍್ಯಾಲಿ, ಮೆಡಿಕಲ್, ತರಬೇತಿ ಮುಗಿಸಿ ಯೂನಿಟ್ ಸೇರೋಕೆ ವರ್ಷವೇ ಹಿಡಿಯಬಹುದು. ಇವತ್ತಿನ ಟೀವಿ ನೋಡಿ ಹೋಗೋದೂ ತಪ್ಪು, ಬಿಡೋದೂ ತಪ್ಪು. ಅಪಾಯ ಇಲ್ಲ ಅಂತ ಅವರಿಗೆ ಸುಳ್ಳು ಹೇಳಬೇಡಿ. 48 ಲಕ್ಷದ ವಿಮೆ ಇರೋದೇ ಅದಕ್ಕೆ. ನನ್ನ ಪ್ರಕಾರ ಮನೇಲಿ ಕೂತು ಮಾತಾಡಬೇಕಾದ್ದು ಬೇರೆ: ಮೊದಲ ವರ್ಷ ತಿಂಗಳಿಗೆ 30,000, ಕೈಗೆ 21,000. ನಾಲ್ಕು ವರ್ಷಕ್ಕೆ ಸೇವಾನಿಧಿ (ಕೊನೆಗೆ ಒಟ್ಟಿಗೆ ಸಿಗೋ ಹಣ) ಬಡ್ಡಿ ಸೇರಿ ಸುಮಾರು 11.71 ಲಕ್ಷ, ಪಿಂಚಣಿ ಇಲ್ಲ. ಮುಂದುವರಿಯೋದು ಹೆಚ್ಚೆಂದರೆ ನೂರಕ್ಕೆ 25 ಜನ. ಉಳಿದ 75ರಲ್ಲಿ ನೀವಿದ್ದರೆ 23ನೇ ವಯಸ್ಸಿಗೆ ವಾಪಸ್ ಬಂದು ಏನು ಮಾಡ್ತೀರಿ ಅನ್ನೋದನ್ನ ಅಪ್ಪನ ಮುಂದೆ ಇಡಿ. ಪಿಯುಸಿ ಅರ್ಧಕ್ಕೆ ಬಿಟ್ಟಿದ್ದರೆ ಅದನ್ನ ಈಗಲೇ ಮುಗಿಸಿ.