ಕಾಡಿಗೆ ಬೆಂಕಿ ಬಿದ್ದ ಮೇಲೆ ಮಣ್ಣಿನಿಂದ ಹೊರಬರುವ ಅನಿಲಗಳು ಬದಲಾಗುತ್ತವೆಯೇ?

ಬದಲಾಗುತ್ತವೆ. ಆದರೆ ಎಲ್ಲವೂ ಹೆಚ್ಚುತ್ತವೆ ಎಂದುಕೊಳ್ಳಬೇಡಿ.

ಬಂಡೀಪುರದಂಥ ಎಲೆ ಉದುರುವ ಕಾಡನ್ನೇ ತೆಗೆದುಕೊಳ್ಳಿ. 2019ರ ಫೆಬ್ರುವರಿಯಲ್ಲಿ ಅಲ್ಲಿ ಹೊತ್ತಿ ಉರಿದದ್ದು ನೆನಪಿರಬಹುದು. ಇಂಥ ಬೆಂಕಿ ಬಹುಮಟ್ಟಿಗೆ ತರಗೆಲೆ, ಒಣಹುಲ್ಲು ಸುಟ್ಟು ಬೇಗ ಮುಂದೆ ಸಾಗುತ್ತದೆ. ಮಣ್ಣಿನೊಳಕ್ಕೆ ಶಾಖ ಸುಲಭವಾಗಿ ಇಳಿಯದ ಕಾರಣ ಕೆಲವೇ ಸೆಂಟಿಮೀಟರ್ ಕೆಳಗೆ ಅಷ್ಟೇನೂ ಬಿಸಿ ಇರುವುದಿಲ್ಲ. ಮೇಲ್ಪದರ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾವಯವ ಅಂಶ ಸುಡತೊಡಗಿ, ಅದರಲ್ಲಿನ ಸಾರಜನಕ ಗಾಳಿಗೆ ಸೇರುತ್ತದೆ.

ನಿಜವಾದ ಸ್ವಾರಸ್ಯ ಇರುವುದು ಬೆಂಕಿ ಆರಿದ ಮೇಲೆ. ಬೂದಿಯಲ್ಲೂ ಕಾದ ಮಣ್ಣಿನಲ್ಲೂ ಸಾರಜನಕದ ಒಂದು ರೂಪವಾದ ಅಮೋನಿಯಂ ಹೆಚ್ಚಿರುತ್ತದೆ, ಹೀರಿಕೊಳ್ಳಲು ಗಿಡಗಳಿರುವುದಿಲ್ಲ. ಮಳೆ ಬಿದ್ದೊಡನೆ ಬದುಕುಳಿದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸತೊಡಗುತ್ತವೆ. ಆ ದಾರಿಯಲ್ಲೇ ನೈಟ್ರಿಕ್ ಆಕ್ಸೈಡ್ ಸೋರುತ್ತದೆ. ನೀರು ನಿಂತು ಮಣ್ಣಿನಲ್ಲಿ ಗಾಳಿಯಾಡದಿದ್ದರೆ ನೈಟ್ರಸ್ ಆಕ್ಸೈಡ್ ಹೊರಡುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ.

ಇಂಗಾಲದ ಡೈಆಕ್ಸೈಡ್ ಮಾತ್ರ ಹಲವು ಕಡೆ ಇಳಿಯುತ್ತದೆ, ಏಕೆಂದರೆ ಸತ್ತ ಬೇರು ಉಸಿರಾಡುವುದಿಲ್ಲ. ಹುಲ್ಲು ಮತ್ತೆ ಚಿಗುರಿದರೆ ಅದೂ ಏರುತ್ತದೆ. ಒಣ ಕಾಡುಮಣ್ಣು ಸಾಮಾನ್ಯವಾಗಿ ಗಾಳಿಯ ಮೀಥೇನನ್ನು ಹೀರುತ್ತದೆ. ಬೆಂಕಿಯ ನಂತರ ಆ ಶಕ್ತಿ ಕೆಲವೆಡೆ ಹೆಚ್ಚಿದೆ, ಕೆಲವೆಡೆ ಕುಗ್ಗಿದೆ.

ಇಂಡೋನೇಷ್ಯಾದ ಪೀಟ್ ನೆಲದ್ದು, ಅಂದರೆ ಅರೆ ಕೊಳೆತ ಸಸ್ಯಭಾಗಗಳು ಶೇಖರವಾಗಿ ಆದ ಜೌಗು ನೆಲದ್ದು, ಬೇರೆಯೇ ಕಥೆ. ಅಲ್ಲಿ ಮಣ್ಣೇ ಉರುವಲು. 2015ರಲ್ಲಿ ಆದಂತೆ ಅದು ವಾರಗಟ್ಟಲೆ ಒಳಗೊಳಗೇ ಹೊಗೆಯಾಡುತ್ತಾ ಇಂಗಾಲದ ಮೊನಾಕ್ಸೈಡ್, ಮೀಥೇನ್‌ಗಳನ್ನು ಧಾರಾಳವಾಗಿ ಉಗುಳುತ್ತದೆ.