ನುಡಿ ನೋಟ್ಸನ್ನು ಸ್ಕ್ರೀನ್ ರೀಡರ್ ಓದಬೇಕಾದರೆ

ಮೇಡಂ, ಬಾಗಲಕೋಟೆಯ ನಿಮ್ಮ ಕಾಲೇಜಿನ ಅಂಧ ವಿದ್ಯಾರ್ಥಿಗೆ ಕೊಟ್ಟ ಇತಿಹಾಸದ ನೋಟ್ಸನ್ನು ಎನ್‌ವಿಡಿಎ (ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ) ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತಿದೆ ಎಂದಿರಿ. ಸಮಸ್ಯೆ ಇರುವುದು ಫಾಂಟಿನಲ್ಲಿ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದಷ್ಟೇ ಕನ್ನಡ. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಒಂದು ಸಾಲು ಸೆಲೆಕ್ಟ್ ಮಾಡಿ ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. ಆ ಹುಡುಗನ ಕಿವಿಗೆ ಬೀಳುವುದು ಅದೇ!

ಮೊದಲು ಇಡೀ ಫೈಲನ್ನು ಯೂನಿಕೋಡ್‌ಗೆ, ಅಂದರೆ ಫೈಲಿನೊಳಗೂ ಕನ್ನಡ ಅಕ್ಷರವನ್ನೇ ಇಡುವ ಪದ್ಧತಿಗೆ ಬದಲಿಸಿ. ಇದಕ್ಕೆ ಉಚಿತ ಕನ್ವರ್ಟರ್‌ಗಳಿವೆ. ಆಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯಾ ಅಂತ ಒಮ್ಮೆ ಓದಿ, ಅಲ್ಲೇ ಜಾಸ್ತಿ ಎಡವಟ್ಟಾಗುತ್ತದೆ.

ತಲೆಬರಹಗಳನ್ನು ಸುಮ್ನೆ ಬೋಲ್ಡ್ ಮಾಡಿದರೆ ಸಾಲದು. ‘ಬಾದಾಮಿ ಚಾಲುಕ್ಯರು’ ಎಂಬ ಸಾಲಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್, 1 ಒಟ್ಟಿಗೆ ಒತ್ತಿ. ವರ್ಡ್ ಅದನ್ನು ಹೆಡಿಂಗ್ ಮಾಡುತ್ತದೆ. ಆಗ ಅವನು ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ (ಟೈಪ್ ಮಾಡದೆ, ಕೀಲಿ ಒತ್ತಿ ಫೈಲಿನಲ್ಲಿ ಓಡಾಡುವ ವಿಧಾನ) ಎಚ್ ಒತ್ತುತ್ತಾ ಬೇಕಾದ ಪಾಠಕ್ಕೆ ನೇರ ಹೋಗಬಹುದು. ನಲವತ್ತು ಪುಟ ಕೇಳುತ್ತಾ ಕೂರುವುದು ಯಾರಿಗೆ ಬೇಕು, ಅಲ್ವಾ?

ಐಹೊಳೆ ಫೋಟೋಗೆ ಆಲ್ಟ್ ಟೆಕ್ಸ್ಟ್ (ಸ್ಕ್ರೀನ್ ರೀಡರ್ ಓದಿ ಹೇಳುವ ಚಿತ್ರದ ವಿವರಣೆ) ಹಾಕಿ. ‘ಚಿತ್ರ 3’ ಅಂತಲ್ಲ. ‘ದುರ್ಗ ಗುಡಿ, ಅರ್ಧವೃತ್ತದ ಹಿಂಬದಿ, ಸುತ್ತಲೂ ಕಂಬಗಳ ಸಾಲು’ ಅಂತ. ಮತ್ತೆ, ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ದಯವಿಟ್ಟು ಕಳಿಸಬೇಡಿ, ಅದರಲ್ಲಿ ಇರುವುದು ಅಕ್ಷರವಲ್ಲ, ಪುಟದ ಫೋಟೋ ಅಷ್ಟೇ. ವರ್ಡ್ ಫೈಲನ್ನೇ ಕೊಡಿ.