ತಂದೆಯ ಕಣ್ಣು, ಮಗನ ಮನವಿ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗದಗ ಪಕ್ಕದ ಬೆಟಗೇರಿಯ 58 ವರ್ಷದ ನೇಕಾರರೊಬ್ಬರನ್ನು ಅವರ ಮಗ ಸಲಹೆ ಕೇಳಲು ನನ್ನ ಬಳಿ ಕರೆತಂದಿದ್ದ. ಸೋಂಕಿನ ಹುಣ್ಣು ವಾಸಿಯಾದ ಮೇಲೆ ಎರಡೂ ಕಣ್ಣುಗಳ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ, ಬಿಳಿ ಕಲೆ ಉಳಿದು, ಮಗ್ಗದಲ್ಲಿ ಎಳೆ ಹರಿದರೂ ಅವರಿಗೆ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯ ವೈದ್ಯರು ಮೊದಲು ಒಂದು ಕಣ್ಣಿಗೆ ಕಾರ್ನಿಯಾ ಕಸಿ ಸೂಚಿಸಿದ್ದರು. ಮಗ ತಂದೆಯ ವಿಡಿಯೋ ತೆಗೆದು ಆನ್‌ಲೈನ್‌ನಲ್ಲಿ ಹಣಸಹಾಯ ಕೇಳಲು ಹೊರಟಿದ್ದ. ತಂದೆ ಅಂದಿನಿಂದ ಅವನೊಡನೆ ಮಾತು ಬಿಟ್ಟಿದ್ದರು.

ಮೊದಲ ಭೇಟಿಯನ್ನು ನಾನು ಹಣದ ಲೆಕ್ಕದಲ್ಲೇ ಕಳೆದೆ, ಅದು ತಪ್ಪಾಗಿತ್ತು. ಎದ್ದು ಹೊರಡುವಾಗ ಹಿರಿಯರು ಮಗನಿಗೆ, “ತಮ್ಮಾ, ರೊಕ್ಕ ಬೇಕು ಖರೆ, ಆದ್ರ ನನ್ನ ಮಾರಿ ತೋರಿಸಿ ಬೇಡಬ್ಯಾಡ” ಎಂದರು. ಚಿಕಿತ್ಸೆ ಬೇಡವೆಂದಲ್ಲ, ತಮ್ಮನ್ನು ಕೇಳದೆ ತಮ್ಮ ಕುರುಡುತನವನ್ನು ಊರಿಗೆ ತೋರಿಸಲು ಹೊರಟಿದ್ದೇ ಅವರ ನೋವು ಎಂದು ನಮಗಿಬ್ಬರಿಗೂ ಆಗ ತಿಳಿಯಿತು.

ಎರಡನೆಯ ಭೇಟಿಯಲ್ಲಿ ನಾನು ಹೇಳಿದ್ದು ಇಷ್ಟು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮಗೆ ಸೂಚಿಸಿರುವ ಶಸ್ತ್ರಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಮೊದಲು ವಿಚಾರಿಸಿ, ಕೊರತೆ ಬಿದ್ದಷ್ಟನ್ನೇ ಜನರಲ್ಲಿ ಕೇಳಿ. ಆಸ್ಪತ್ರೆಯಿಂದ ಖರ್ಚಿನ ಅಂದಾಜು ಪತ್ರ ಪಡೆಯಿರಿ, ಹಣ ಸಾಧ್ಯವಾದರೆ ನೇರವಾಗಿ ಆಸ್ಪತ್ರೆಯ ಖಾತೆಗೇ ಹೋಗಲಿ, ಹೆಚ್ಚುವರಿ ಹಣವನ್ನು ಏನು ಮಾಡುವಿರೆಂದು ಮನವಿಯಲ್ಲೇ ಬರೆಯಿರಿ. ಕಾರ್ನಿಯಾಕ್ಕೆ ಬೆಲೆ ಕಟ್ಟಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಏಕೆಂದರೆ ಅದು ಸತ್ತವರ ಮನೆಯವರು ಒಪ್ಪಿ ಕೊಡುವ ದಾನ. ಅದರ ಮಾರಾಟವನ್ನು ಕಾನೂನು ನಿಷೇಧಿಸಿದೆ.

ಮನವಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಇನ್ನೊಂದು ಮಾತನ್ನೂ ಒತ್ತಿ ಹೇಳಿದೆ. ಕಸಿಯಾದ ಮರುದಿನವೇ ದೃಷ್ಟಿ ತಿಳಿಯಾಗುವುದಿಲ್ಲ, ತಿಂಗಳುಗಳೇ ಹಿಡಿಯಬಹುದು. ದೇಹವು ಕಸಿಯನ್ನು ತಿರಸ್ಕರಿಸದಂತೆ ಬಹುಕಾಲ ಹನಿ ಔಷಧ ಹಾಕಬೇಕು, ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ ಅಥವಾ ನೋಟ ಮಸುಕಾದರೆ ಅಂದೇ ವೈದ್ಯರ ಬಳಿ ಓಡಬೇಕು. ಆದ್ದರಿಂದ ಔಷಧ, ಗದಗ–ಹುಬ್ಬಳ್ಳಿ ಓಡಾಟ, ಮಗ್ಗ ನಿಂತ ದಿನಗಳ ಖರ್ಚು ಇವೆಲ್ಲವೂ ಲೆಕ್ಕದಲ್ಲಿರಲಿ.

ಮಗ ವಿಡಿಯೋ ಅಳಿಸಿದ. ಹೊಸ ಮನವಿಯನ್ನು ತಂದೆಯೇ ಹೇಳಿ ಬರೆಸಿದರು, ಅದರಲ್ಲಿ ಅವರ ಮುಖವಿಲ್ಲ. ಈಗ ಅವರ ಹೆಸರು ನೇತ್ರ ಭಂಡಾರದ ಕಾಯುವ ಪಟ್ಟಿಯಲ್ಲಿದೆ; ಮುಂದಿನ ಭೇಟಿಗೆ ಸೊಸೆಯನ್ನೂ ಕರೆತನ್ನಿ ಎಂದಿದ್ದೇನೆ, ಹೊತ್ತು ಹೊತ್ತಿಗೆ ಹನಿ ಹಾಕಬೇಕಾದವರು ಆಕೆಯೇ.